ಮಹಡಿ ಮನೆಯ ಮಧ್ಯಾಹ್ನ

ನಿವೃತ್ತ ಬಸ್ ಡ್ರೈವರ್ ತನ್ನ ಮಹಡಿ ಮನೆಯನ್ನು ಬಾಡಿಗೆಗೆ ತೋರಿಸುತ್ತಿದ್ದದ್ದು ಬೆಳ್ಳಂಬೆಳಗ್ಗೆ ಮಾತ್ರ. ಆ ಹೊತ್ತಿಗೆ ಕಿಟಕಿ ತೆರೆದರೆ ತಣ್ಣನೆ ಗಾಳಿ ಬೀಸುತ್ತಿತ್ತು, ಬಂದವರು ಮರುಮಾತಿಲ್ಲದೆ ಒಪ್ಪುತ್ತಿದ್ದರು. ಮನೆ ತಂಪು, ಮನೆ ತಂಪು ಎಂದು ಕಂಡವರಿಗೆಲ್ಲ ಹೇಳಿ ಹೇಳಿ ಕೊನೆಗೆ ತಾನೇ ನಂಬಿಬಿಟ್ಟಿದ್ದ ಪುಣ್ಯಾತ್ಮ.

ಈಗ ಅಲ್ಲಿದ್ದವಳು ರಾತ್ರಿ ಪಾಳಿಯ ನರ್ಸ್, ಹಗಲು ಮಲಗಬೇಕಾದವಳು. ಒಂದು ದಿನ ಕೆಂಪು ಕಣ್ಣು ಹೊತ್ತು ಕೆಳಗಿಳಿದು ಬಂದಳು.

“ಅಂಕಲ್, ತಿಂಗಳ ಕೊನೆಗೆ ಮನೆ ಖಾಲಿ ಮಾಡ್ತೀನಿ. ಫ್ಯಾನು, ಕೂಲರ್ ದಿನವಿಡೀ ಓಡಿದ್ರೂ ನಿದ್ದೆ ಇಲ್ಲ. ನಿನ್ನೆ ವಾರ್ಡಲ್ಲಿ ತೂಕಡಿಸಿ ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡ್ತಿದ್ದೆ. ಕೂದಲೆಳೆಯಲ್ಲಿ ತಪ್ತು.”

“ನಮ್ಮ ಮನೆ ಸೆಕೆನಾ? ಯಾರಾದ್ರೂ ಕೇಳಿದ್ರೆ ನಗ್ತಾರಮ್ಮ!”

ಹೆಂಡತಿ ಒಳಗಿನಿಂದಲೇ ಹೇಳಿದಳು: “ಹಾಗಾದ್ರೆ ಇವತ್ತು ನೀವು ಮೇಲೆ ಮಲಗಿ. ಅವಳು ಇಲ್ಲಿ ಮಲಗ್ಲಿ.”

ಮಧ್ಯಾಹ್ನ ಅವನು ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಗತ್ತಿನಿಂದ ಮೆಟ್ಟಿಲು ಹತ್ತಿದ. ತಾರಸಿ ಕಾದ ಕಾವಲಿಯಾಗಿತ್ತು. ಪಶ್ಚಿಮದ ಕಿಟಕಿಯ ಬಿಸಿಲು ನೇರ ಹಾಸಿಗೆಗೇ ಬೀಳುತ್ತಿತ್ತು, ಫ್ಯಾನು ಆ ಬಿಸಿಯನ್ನೇ ತಿರುಗಿಸಿ ಮುಖಕ್ಕೆ ರಾಚುತ್ತಿತ್ತು. ಅಂಗಿ ತೊಪ್ಪೆಯಾಯಿತು, ತಲೆ ಸಿಡಿಯತೊಡಗಿತು. ಬಸ್ಸು ತುಂಬ ಜನರನ್ನು ಕೂರಿಸಿಕೊಂಡು ಸ್ಟೀರಿಂಗ್ ಹಿಡಿದವನಿಗೆ ನಿದ್ದೆಗೆಟ್ಟ ಕಣ್ಣಿನ ಭಯ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಹುಡುಗಿಗೆ ತಾನು ಮಾಡಿದ್ದೇನು ಎಂದು ಹೊಳೆದು ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಕೆಳಗಿಳಿದಾಗ ಹೆಂಡತಿ ನೀರಿನ ಚೊಂಬು ಮುಂದಿಟ್ಟಳು.

ಮರುದಿನವೇ ಟೊಂಕ ಕಟ್ಟಿ ನಿಂತ. ತಾರಸಿ ತೊಳೆದು, ಬಿಸಿಲನ್ನು ಹಿಂದಕ್ಕೆ ಅಟ್ಟುವ ಬಿಳಿ ಬಣ್ಣವನ್ನು ಎರಡೆರಡು ಸಲ ಬಳಿದ. ಬಿಸಿಲು ಗಾಜು ಮುಟ್ಟುವ ಮೊದಲೇ ತಡೆಯಬೇಕೆಂದು ಬಣ್ಣದಂಗಡಿಯವನು ಹೇಳಿದ್ದರಿಂದ ಕಿಟಕಿಯ ಹೊರಗೆ ಬಿದಿರಿನ ತಟ್ಟಿ ಕಟ್ಟಿದ. ಮೈಯೆಲ್ಲ ಬಣ್ಣ ಮೆತ್ತಿಕೊಂಡು ಬಂದವನನ್ನು ಹೆಂಡತಿ ಮೇಲಿಂದ ಕೆಳಗೆ ನೋಡಿದಳು.

“ಮದುವೆ ದಿನಾನೂ ನೀವು ಇಷ್ಟು ಬೆಳ್ಳಗಿರ್ಲಿಲ್ಲ ಬಿಡಿ.”

ಬಣ್ಣ ಒಣಗಿದ ಮೇಲಿನ ಮೊದಲ ಮಧ್ಯಾಹ್ನ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೇಲೆ ಕೂಲರಿನ ಸದ್ದೇ ಇಲ್ಲ. ಅದು ಕೆಟ್ಟಿತೋ, ಹುಡುಗಿ ಬೇರೆ ಮನೆ ನೋಡಲು ಹೋದಳೋ, ಇಲ್ಲ ಸೆಕೆಗೆ ತಲೆಸುತ್ತಿ ಬಿದ್ದಳೋ? ಹೆಂಡತಿ “ಸುಮ್ನಿರಿ” ಎನ್ನುತ್ತಿದ್ದರೂ ಕೇಳದೆ ಮೇಲೆ ಹೋಗಿ ಬಾಗಿಲು ಬಡಿದ. ಮತ್ತೆ ಬಡಿದ.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಕೆದರಿದ ಕೂದಲು, ಕೆನ್ನೆಯ ಮೇಲೆ ದಿಂಬಿನ ಗೆರೆ.

“ನಿದ್ದೆ ಬಂತಾ ತಾಯಿ?”

“ಬಂದಿತ್ತು ಅಂಕಲ್. ನೀವು ಬಾಗಿಲು ಬಡಿಯೋವರೆಗೂ.”

ಅವನು ನಾಲಿಗೆ ಕಚ್ಚಿಕೊಂಡ. ಆದರೂ ತಡೆಯಲಾಗಲಿಲ್ಲ. “ಮತ್ತೆ... ತಿಂಗಳ ಕೊನೆಗೆ?”

“ಇಲ್ಲೇ ಇರ್ತೀನಿ,” ಎಂದು ಅವಳು ಆಕಳಿಸಿದಳು. “ಈಗ ಮಲಗ್ಲಾ?”