ಎಲಿಮ್‌ನ ಲೋಟ

"ಮೊದಲ ಜಾಗ ಗ್ರಾಂಟ್ಲಿ ಕಾಲೇಜಿಗೇ," ಎಂದು ಲೋವೆಲ್ ಹಸಿರು ಲೋಟವನ್ನು ಮೇಜಿನ ತಲೆಗೆ ಇಟ್ಟ. "ಅವರ ಮುಂದಿನ ಸಾಲು ನೋಡಿದೀರಾ? ಒಬ್ಬೊಬ್ಬ ಹುಡುಗ ಒಂದೊಂದು ಕಣಜ!"

"ಕಣಜ ಓಡೋದನ್ನ ಎಲ್ಲಾದ್ರೂ ಕಂಡಿದೀಯೇನಯ್ಯ?" ಎಂದ ಮರ್ಲ್.

ಭಾನುವಾರದ ಆರಾಧನೆ ಮುಗಿದು, ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುದಿಯುತ್ತಿತ್ತು. ಫುಟ್‌ಬಾಲ್ ಋತು ತೊಡಗುವ ಮುನ್ನ ಪಂದ್ಯಕೂಟದ ಎಂಟು ಕಾಲೇಜುಗಳ ಎಂಟು ಲೋಟಗಳನ್ನು ಬಲದ ಪ್ರಕಾರ ಸಾಲಾಗಿ ಜೋಡಿಸುವುದು ಇಲ್ಲಿಯ ವಾಡಿಕೆ. ತಾನು ಓದಿದ ಕಾಲೇಜಿನ ಲೋಟವನ್ನು ಮಾತ್ರ ಯಾರೂ ತಾನೇ ಇಡಕೂಡದು. ಹೆತ್ತವರಿಗೆ ಹೆಗ್ಗಣ ಮುದ್ದು.

ಡೆಲ್ಬರ್ಟ್‌ನದು ಊರಿನದೇ ಹಾಲ್ವರ್ಸನ್ ಕಾಲೇಜು. ಅವನ ಹೆಂಡತಿ ಆರ್ಡಿಸ್‌ಳದು ಎಲಿಮ್. ಅವನ ಲೋಟವನ್ನು ಅವಳು ಇಡುತ್ತಿದ್ದಳು, ಅವಳದನ್ನು ಅವನು. ಎಲಿಮ್ ಎಷ್ಟೇ ಗೆದ್ದು ಬಂದಿದ್ದರೂ ಅವನು ಅದನ್ನು ಸಾಲಿನ ಕೊನೆಗೇ ಇಡುತ್ತಿದ್ದ. ಅವಳು ಚಮಚದಿಂದ ಅವನ ಬೆರಳಿಗೆ ಕುಟ್ಟಿ, ಲೋಟವನ್ನು ಮೇಲೆ ಸರಿಸಿ, ಮದುವೆಯಾದಂದಿನಿಂದ ಮಾಡುತ್ತ ಬಂದ ಜಗಳವನ್ನು ಮತ್ತೆ ಮಾಡುತ್ತಿದ್ದಳು. ಈ ವರ್ಷ ಈಸ್ಟರ್ ಮುಗಿದ ಮರುವಾರ ದೇವರು ಅವಳನ್ನು ಕರೆದುಕೊಂಡ.

ಆರು ಲೋಟಗಳು ಸಾಲಿಗೆ ಬಂದವು. ಉಳಿದವು ಎರಡು: ಎಲಿಮ್‌ನ ನೀಲಿ, ಹಾಲ್ವರ್ಸನ್‌ನ ಕೆಂಪು.

"ಎಲಿಮ್ ನೀನೇ ಇಡಪ್ಪ," ಲೋವೆಲ್ ಡೆಲ್ಬರ್ಟ್‌ಗೆ ದನಿ ತಗ್ಗಿಸಿ ಹೇಳಿದ. "ಬೇಕಾದ್ರೆ ಮೊದಲಿಗೇ ಇಡು. ಈ ಸಲ ಯಾರೂ ಏನೂ ಅನ್ನಲ್ಲ."

ಈಗಷ್ಟೇ ತೊಳೆದ ನೀಲಿ ಲೋಟದ ತಳದಿಂದ ನೀರು ಇಳಿಯುತ್ತಿತ್ತು. ಡೆಲ್ಬರ್ಟ್ ಅದನ್ನು ತೆಗೆದುಕೊಂಡು ಹೋಗಿ, ಎಂದಿನಂತೆ ಸಾಲಿನ ಕಟ್ಟಕಡೆಗೆ ಇಟ್ಟ. ಬೆರಳುಗಳನ್ನು ಮೇಜಿನ ಮೇಲೆಯೇ ಬಿಟ್ಟು ಕಾದ.

ಮರ್ಲ್ ಕಿಟಕಿಯತ್ತ ನೋಡಿದ. ಲೋವೆಲ್ ತನ್ನ ಕಾಫಿಗೆ ಎರಡನೆಯ ಸಲ ಸಕ್ಕರೆ ಹಾಕಿದ. ಆರ್ಡಿಸ್‌ಳ ಸಮಾಧಿಯ ಬಳಿಯಲ್ಲೂ ಇಷ್ಟು ಮೌನವಿರಲಿಲ್ಲ. ಅಲ್ಲಿ ಗಾಳಿಯಾದರೂ ಬೀಸುತ್ತಿತ್ತು.

"ಯಾಕ್ರೋ, ಎಲ್ಲಾ ಬಾಯಿಗೆ ಬೀಗ ಹಾಕ್ಕೊಂಡಿದೀರಾ?" ಡೆಲ್ಬರ್ಟ್ ಕೈ ತೆಗೆಯದೆ ಸುತ್ತ ನೋಡಿದ. "ತಪ್ಪಾಗಿದ್ರೆ ತಪ್ಪು ಅನ್ನಿ."

"ಇರ್ಲಿ ಬಿಡು, ನೀನಿಟ್ಟದ್ದೇ ಸರಿ," ಎಂದ ಮರ್ಲ್.

"ಏನ್ರೀ ಸರಿ?" ಲೋವೆಲ್‌ನ ಹೆಂಡತಿ ಮಾರ್ಲಿಸ್ ಪಾತ್ರೆ ತೊಳೆಯುವುದನ್ನು ಬಿಟ್ಟು ಒದ್ದೆ ಕೈಯಲ್ಲೇ ಬಂದಳು. "ಎಲಿಮ್ ಕೊನೇನಾ? ಹೋದ ವರ್ಷ ನಿಮ್ಮ ಹಾಲ್ವರ್ಸನ್ ಹುಡುಗರನ್ನ ಎಲಿಮ್‌ನೋರು ಊರ ಮೈದಾನದಲ್ಲೇ ಉತ್ತು ಬಿತ್ತಿಬಿಟ್ರಲ್ಲ, ಮರೆತುಹೋಯ್ತಾ? ಕನ್ನಡಕ ಮನೇಲೇ ಬಿಟ್ಟು ಬಂದ್ಯಾ, ಮುದುಕ?"

ಅವಳು ಲೋಟವನ್ನು ಸರಸರನೆ ಮೂರನೆಯ ಜಾಗಕ್ಕೆ ಸರಿಸಿದಳು.

"ಮೂರನೇದಾ! ಅನ್ಯಾಯ!" ಎಂದ ಡೆಲ್ಬರ್ಟ್. ದನಿ ಏರಿತು. "ಅವರಿಗೆ ಚೆಂಡು ಹಿಡಿಯೋನು ಒಬ್ಬನಾದ್ರೂ ಇದಾನಾ?"

"ನಿಮಗೆ ಎಸೆಯೋನೇ ಇಲ್ವಲ್ಲೋ!" ಮರ್ಲ್ ತಡೆಯಲಾರದೆ ನಕ್ಕ.

ಡೆಲ್ಬರ್ಟ್ ಕೊನೆಯ ಕೆಂಪು ಲೋಟವನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಆಮೇಲೆ ಅದನ್ನು ಮಾರ್ಲಿಸ್‌ಳತ್ತ ಚಾಚಿದ.

"ತಗೋಮ್ಮ. ನೀನೇ ಇಡು."

ಮಾರ್ಲಿಸ್ ಅವನ ಮುಖ ನೋಡಿದಳು, ಸಾಲನ್ನು ನೋಡಿದಳು. ನೀಲಿ ಲೋಟ ಬಿಟ್ಟುಹೋದ ನೀರಿನ ಉಂಗುರ ಮೇಜಿನ ಕೊನೆಯಲ್ಲಿ ಇನ್ನೂ ಆರಿರಲಿಲ್ಲ. ಅವಳು ಕೆಂಪು ಲೋಟವನ್ನು ಅದರ ಮೇಲೆಯೇ ಕೂರಿಸಿದಳು.