ಹನ್ನೆರಡು ಸೀಸದ ಬಿಲ್ಲೆಗಳು

ಆವಿ ಏಳುತ್ತಿದೆ ಡಾಕ್ಟರರ ಮುಖಕ್ಕೆ ಸುತ್ತಿದ ಬಿಸಿ ಟವೆಲ್ಲಿನಿಂದ, ಮೂಗೊಂದೇ ಹೊರಗೆ, ಕೆಂಪಗೆ, ಬೆವೆತುಕೊಂಡು, ಆ ಮೂಗಿನ ಹತ್ತಿರ ಬಗ್ಗಿ ಒಂದು ಮಾತು ಹೇಳಿದರೆ ಸಾಕು, ಡಾಕ್ಟ್ರೇ, ನಮ್ಮ ನುಂಜಿಯೊ ಅರವತ್ತಮೂರೂವರೆ ಕಿಲೋ ಅಲ್ಲ, ಅರವತ್ತೇ ಅರವತ್ತು, ನಿನ್ನೆ ತೂಕ ನೋಡುವಾಗ ನಿಮ್ಮ ಕಣ್ಣಿಗೆ ಮಣ್ಣೆರಚಿದವನು ನಾನು — ಅಷ್ಟೇ, ಪಂದ್ಯ ನಿಂತುಹೋಗುತ್ತದೆ, ತಂಗಿಯ ಗಂಡ ತನ್ನ ಕಾಲ ಮೇಲೆ ತಾನು ನಡೆದು ಮನೆಗೆ ಬರುತ್ತಾನೆ, ಆದರೆ ಅನಿಯೆಲ್ಲೊ ಬೆಂಚಿನ ಮೇಲೇ ಕೂತಿದ್ದಾನೆ, ಕೈ ಕೋಟಿನ ಜೇಬಿನಲ್ಲಿದೆ, ಜೇಬಿನಲ್ಲಿ ಸೀಸ. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು. ಎಂಟಕ್ಕೆ ಪಂದ್ಯ. ಅಂಗಡಿಯ ಯಜಮಾನ ಡಾನ್ ಸಬಾತೊ ಕ್ಷೌರದ ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜುತ್ತಿದ್ದಾನೆ, ಸರ್ ಸರ್, ಕನ್ನಡಿಯ ಕೆಳಗೆ ಅಮೃತಶಿಲೆಯ ಹಲಗೆ, ಹಲಗೆಯ ಮೇಲೆ ಬಾಟಲಿಗಳ ಸಾಲು, ಎಡತುದಿಗೆ ಹೆಬ್ಬೆರಳಿನಷ್ಟು ಅತ್ತರಿನ ಬಾಟಲಿ, ಅದು ಐವತ್ತು ಕಿಲೋದವನು, ಬಲತುದಿಗೆ ಕ್ರೀಮಿನ ದಪ್ಪ ಜಾಡಿ, ಅದು ಹೆವಿವೇಟು, ಈ ಅಂಗಡಿಯಲ್ಲಿ ನಲವತ್ತು ವರ್ಷಗಳಿಂದ ಬಾಕ್ಸಿಂಗ್ ನಡೆಯುವುದೇ ಹೀಗೆ, ಬೆರಳಲ್ಲಿ ತಳ್ಳಿ. ಈಗಲೂ ತಳ್ಳುತ್ತಿದ್ದಾನೆ ಕತೆಲ್ಲೊ, ರೈಲ್ವೆಯಿಂದ ನಿವೃತ್ತನಾದವನು, ಜೀವಮಾನದಲ್ಲಿ ಒಂದು ಏಟು ತಿಂದವನಲ್ಲ, ನೋಡಯ್ಯಾ ಸಬಾತೊ, ಈ ಐವತ್ತರವನನ್ನ ತಗೊಂಡ್ಹೋಗಿ ಆ ಎಪ್ಪತ್ತೈದರವನ ಮುಂದೆ ನಿಲ್ಸು, ಇಬ್ಬರ ತೂಕಾನೂ ಒಂದೇ ಅಂತ ಇಟ್ಕೋ, ಯಾರು ಗೆಲ್ತಾರೆ ಹೇಳು. ತೂಕ ಒಂದೇ ಅಂತ ಇಟ್ಕೊಂಡ್ರೆ ನಮ್ಮತ್ತೆನೂ ವಿಶ್ವ ಚಾಂಪಿಯನ್ನೇ, ಬಿಡು, ಅಂದ ಸಬಾತೊ. ಅದೇನೋ ನಿಜ ಕಣಯ್ಯಾ, ನಿಮ್ಮತ್ತೆ ಕೈ ಉದ್ದ ಇತ್ತು, ನಿನ್ನ ಕಿವಿ ನೋಡಿದ್ರೇ ಗೊತ್ತಾಗುತ್ತೆ. ಟವೆಲ್ಲಿನ ಒಳಗೇ ನಕ್ಕು ಡಾಕ್ಟರರ ಹೊಟ್ಟೆ ಕುಲುಕುತ್ತದೆ. ಕತೆಲ್ಲೊ ಈಗ ಹಸಿರು ಬಾಟಲಿಗೆ ಕೈ ಹಾಕಿದ, ನಿಂಬೆ ವಾಸನೆಯ, ತೆಳ್ಳನೆಯ ಹಸಿರು ಬಾಟಲಿ, ಅದೇ ನುಂಜಿಯೊ, ಅಷ್ಟು ದೂರ ಯಾಕೆ, ಇವತ್ತಿಂದೇ ನೋಡಿ, ತೂಕದಲ್ಲಿ ಎರಡು ಮನೆ ಮೇಲಕ್ಕೆ ಹೋದ ನಮ್ಮ ಹುಡುಗ, ಅನ್ನುತ್ತ ಬಾಟಲಿಯನ್ನು ಎರಡು ಜಾಗ ಬಲಕ್ಕೆ ಸರಿಸಿದ, ಒಂದೇ ಬೆರಳಲ್ಲಿ, ಥೂ, ಬಾಟಲಿಗೆ ಪಕ್ಕೆಲುಬಿದೆಯಾ, ಬಾಟಲಿಗೆ ಮಿದುಳಿದೆಯಾ, ಯಾವನು ಕಲಿಸಿದ ಇವರಿಗೆ ಆ ಬಾಟಲಿ ಸರಿಸುವುದನ್ನು —

ತಾನೇ. ಆರು ವಾರದ ಹಿಂದೆ, ಇದೇ ಬೆಂಚು, ಇದೇ ಬೆರಳು, ಕಸೆರ್ತಾ ಕಡೆಯ ಪ್ರಿಸ್ಕೊನನ್ನ ಮಲಗಿಸೋನು ಈ ಬಂದರಲ್ಲಿ ಒಬ್ಬನೇ ಇದ್ದಾನೆ, ನನ್ನ ಭಾವಮೈದ, ಬೇಕಾದ್ರೆ ನಾಳೇನೇ ತಂದು ನಿಲ್ಲಿಸ್ರೋ! ಎಲ್ಲರೂ ಚಪ್ಪಾಳೆ ತಟ್ಟಿದರು, ಯಾರೋ ಹೋಗಿ ಪ್ರಿಸ್ಕೊನ ಕಡೆಯವರಿಗೆ ಹೇಳಿದರು, ಒಂದು ವಾರಕ್ಕೆ ಮೀನುಪೇಟೆಯ ಗೋಡೆಗಳ ಮೇಲೆಲ್ಲ ಪೋಸ್ಟರು. ಕರಾರಿನಲ್ಲಿ ಮಾತ್ರ ಒಂದು ಸಾಲು, ತೂಕದ ಅಂತರ ಮೂರು ಕಿಲೋ ಮೀರಿದರೆ ಡಾಕ್ಟರರ ಸಹಿ ಬೀಳುವುದಿಲ್ಲ, ಪ್ರಿಸ್ಕೊ ಅರವತ್ತಾರು. ನುಂಜಿಯೊ ತಿಂದ, ಬ್ರೆಡ್ಡು ತಿಂದ, ಕೊಬ್ಬು ತಿಂದ, ವಾಂತಿ ಮಾಡಿಕೊಂಡು ಮತ್ತೆ ತಿಂದ, ತೂಕದ ಮುಳ್ಳು ಅರವತ್ತು ದಾಟಲಿಲ್ಲ, ಭಾವಾ ಏನಾದ್ರೂ ಮಾಡು, ಈಗ ಹಿಂದೆ ಸರಿದ್ರೆ ಬೀದೀಲಿ ತಲೆ ಎತ್ತಕ್ಕಾಗಲ್ಲ. ಮಾಡಿದ. ಅಪ್ಪನ ಹಳೇ ಬಲೆಯ ಅಂಚಿನಿಂದ ಸೀಸದ ಗುಂಡುಗಳನ್ನು ಕತ್ತರಿಸಿ, ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ, ಹನ್ನೆರಡು ಬಿಲ್ಲೆ, ಒಂದೂವರೆ ಕಿಲೋ, ಉಳಿದ ಎರಡಕ್ಕೆ ಹೊಟ್ಟೆ ತುಂಬ ನೀರು. ಒಳಚಡ್ಡಿಯ ಪಟ್ಟಿಯೊಳಗೆ ಹೊಲಿದುಕೊಟ್ಟವಳು ತಂಗಿ ಅಸ್ಸುಂತಾ, ಕಪ್ಪು ನೂಲಿನಲ್ಲಿ, ಇದ್ಯಾಕಣ್ಣಾ ಅಂದಳು, ಅಪ್ಪನ ಬಲೆದು ಕಣಮ್ಮಾ, ಮೈಮೇಲಿದ್ರೆ ಒಳ್ಳೇದು, ಅಂದ, ಅವಳು ಬಿಲ್ಲೆಗೆ ಮುತ್ತಿಟ್ಟು ನೂಲನ್ನು ಹಲ್ಲಿನಲ್ಲಿ ಕಡಿದಳು, ಆ ಕಟ್ ಅನ್ನುವ ಸದ್ದು ಇನ್ನೂ ಕಿವಿಯಲ್ಲಿದೆ. ಮುಳ್ಳು ನಡುಗುತ್ತ ನಡುಗುತ್ತ ಅರವತ್ತಮೂರೂವರೆಗೆ ನಿಂತಿತು. ಡಾಕ್ಟರು ಸಹಿ ಹಾಕಿದರು. ಆಗ ಅನಿಯೆಲ್ಲೊ ನಕ್ಕಿದ್ದ, ದೇವರೇ, ನಕ್ಕಿದ್ದ. ಭಯ ಹುಟ್ಟಿದ್ದು ಆಮೇಲೆ, ಬಟ್ಟೆ ಬದಲಿಸಿ ಹೊರಗೆ ಬಂದಾಗ, ನುಂಜಿಯೊ ಮರೆತ ಚೀಲವನ್ನು ಪ್ರಿಸ್ಕೊ ಎತ್ತಿಕೊಂಡು ಬಂದ, ಒಂದೇ ಬೆರಳಿಗೆ ಸಿಕ್ಕಿಸಿಕೊಂಡು, ಏನ್ ತಮ್ಮಾ, ಕಲ್ಲು ತುಂಬಿದ್ದೀಯಾ, ಅಂದ, ದನಿಯಲ್ಲಿ ಒಂದಿಷ್ಟೂ ಹಗೆಯಿಲ್ಲ, ಮೆತ್ತಗೆ, ನುಂಜಿಯೊನ ಕೆನ್ನೆ ತಟ್ಟಿ ಹೋದ, ತಟ್ಟಿದ್ದಕ್ಕೇ ನುಂಜಿಯೊನ ತಲೆ ಪಕ್ಕಕ್ಕೆ ವಾಲಿತು. ಇವತ್ತು ಮಧ್ಯಾಹ್ನ ಬಂದರುಕಟ್ಟೆಯ ಹೋಟೆಲಿನಲ್ಲಿ ಮೂರನೇ ತಟ್ಟೆ ಪಾಸ್ತಾ ತಿನ್ನುತ್ತಿದ್ದ ಪ್ರಿಸ್ಕೊ, ರಾತ್ರಿಗೆ ಎಪ್ಪತ್ತು ದಾಟುತ್ತಾನೆ. ನುಂಜಿಯೊನ ಎರಡು ಕಿಲೋ ನೀರು ನಿನ್ನೆಯೇ ಹೊರಗೆ ಹೋಯಿತು, ಹೊಲಿಗೆ ಬಿಚ್ಚಿ ತೆಗೆದ ಸೀಸ ಇಲ್ಲಿ ಜೇಬಿನಲ್ಲಿ. ಬಾಯಿ ಬಿಟ್ರೆ ಸಾಯೋತನಕ ನಿನ್ ಮುಖ ನೋಡಲ್ಲ ಭಾವಾ, ಅಂದಿದ್ದಾನೆ. ಸಾಯೋತನಕ. ಅದು ಯಾವತ್ತೋ, ಎಂಟೂ ಕಾಲಿಗೋ —

ಒಂದು, ಎರಡು, ಮೂರು, ಮೂಲೆಯಲ್ಲಿ ಲಿಬೆರಾತೊ ಅಂಗಿಯ ಗುಂಡಿ ಎಣಿಸುತ್ತಿದ್ದಾನೆ, ಬೇಡ, ಆ ಕಡೆ ನೋಡಬೇಡ, ನಾಲ್ಕು, ಐದು, ಅವನೂ ಒಂದು ಕಾಲಕ್ಕೆ ಈ ಹಲಗೆಯ ಮೇಲೆ ನೀಲಿ ಬಾಟಲಿಯಾಗಿದ್ದವನು, ಅವನನ್ನೂ ಬಲಕ್ಕೆ ಸರಿಸಿದ್ದರು, ಡಾನ್ ಸಬಾತೊ ಆಗ ಚಿಕ್ಕ ವಯಸ್ಸಿನವನು, ಬೆರಳು ಅವನದೇ ಅಂತೆ, ಅದಕ್ಕೇ ಪ್ರತಿ ಶನಿವಾರ ಲಿಬೆರಾತೊನ ಗಡ್ಡವನ್ನು ಅವನೊಬ್ಬನೇ ಕೆರೆಯುತ್ತಾನೆ, ಬೇರೆಯವರಿಗೆ ಮುಟ್ಟಲು ಬಿಡುವುದಿಲ್ಲ, ನೀಲಿ ಬಾಟಲಿ ಮಾತ್ರ ಸಾಲಿನಲ್ಲಿಲ್ಲ. ಆರು, ಏಳು, ಎಂಟು, ಅನ್ನುತ್ತಲೇ ಲಿಬೆರಾತೊನ ಬೆರಳು ಗಾಳಿಯಲ್ಲಿ ನಿಲ್ಲುತ್ತದೆ. ಯಾವಾಗಲೂ ಅಲ್ಲೇ. ಮೆಟ್ಟಿಲು ಎಣಿಸಿದರೂ ಎಂಟು, ದೋಣಿ ಎಣಿಸಿದರೂ ಎಂಟು, ನೆಲಕ್ಕೆ ಬಿದ್ದವನ ಕಿವಿಗೆ ಹತ್ತರತನಕ ಎಣಿಸುವ ರೆಫರಿಯ ದನಿ ಕೇಳಿದ್ದು ಅಲ್ಲಿಯತನಕ ಮಾತ್ರ, ಮುಂದಿನದು ತಲೆಯೊಳಗೆ ಇಲ್ಲ, ಬೆರಳು ತುಸು ಹೊತ್ತು ನಡುಗುತ್ತದೆ, ಆಮೇಲೆ ಮತ್ತೆ ಒಂದು. ಅಸ್ಸುಂತಾ ನುಂಜಿಯೊನ ಗುಂಡಿ ಹಾಕುತ್ತಿದ್ದಾಳೆ, ಚಮಚದಲ್ಲಿ ಸಾರು ಕುಡಿಸುತ್ತಿದ್ದಾಳೆ, ಗಲ್ಲ ಒರೆಸುತ್ತಿದ್ದಾಳೆ, ನೂಲು ಕಡಿದ ಆ ಹಲ್ಲನ್ನು ಕಚ್ಚಿ ಹಿಡಿದು ಅಣ್ಣನ ಕಡೆ ನೋಡುತ್ತಿದ್ದಾಳೆ, ಇಲ್ಲ, ಇನ್ನೂ ಆಗಿಲ್ಲ, ಗಡಿಯಾರ ನಾಲ್ಕೂ ಇಪ್ಪತ್ತು, ಲೋ ಅನಿಯೆಲ್ಲೊ, ಕತೆಲ್ಲೊ ಕೂಗುತ್ತಿದ್ದಾನೆ, ಏನೋ ಬಾಯಿಗೆ ಬೀಗ ಹಾಕ್ಕೊಂಡಿದೀಯ, ಇಷ್ಟಕ್ಕೂ ಶುರು ಮಾಡಿದೋನು ನೀನು, ಎಷ್ಟನೇ ಸುತ್ತಿಗೆ ಮಲಗಿಸ್ತಾನೆ ಹೇಳು ನಿನ್ ಹುಲಿ!

ಟವೆಲ್ಲು ತೆಗೆದರು, ಮುಖ ಬಂತು, ಕತ್ತಿ ಆಡಿತು, ಮುಗಿಯಿತು ಕೂಡ, ಡಾಕ್ಟರು ಎದ್ದು ಗಲ್ಲ ಸವರಿಕೊಳ್ಳುತ್ತಿದ್ದಾರೆ, ಈಗ, ಈಗಲೇ — ಡಾಕ್ಟ್ರೇ, ಅವನು ಅರವತ್ತೇ ಕಿಲೋ. ತನ್ನ ದನಿಯೇ ಅದು, ಕೋಳಿಮರಿಯ ಹಾಗೆ. ಮೂವರೂ ತಿರುಗಿದರು. ತೂಕಕ್ಕೆ ನಿಂತಾಗ ಮೋಸ ಮಾಡಿದ್ವಿ ಡಾಕ್ಟ್ರೇ. ಕತೆಲ್ಲೊ ತೊಡೆ ತಟ್ಟಿ ನಕ್ಕ, ಸಬಾತೊ ನಕ್ಕ, ಡಾಕ್ಟರು ಕನ್ನಡಿಯಲ್ಲೇ ನಕ್ಕರು, ಅಯ್ಯಾ ಮಾರಾಯಾ, ಮೂವತ್ತು ವರ್ಷದಿಂದ ತೂಕ ನೋಡ್ತಿದೀನಿ, ಬೆವರು ಸುರಿಸಿ ಇಳಿಸೋರನ್ನ ನೋಡಿದೀನಿ, ತಲೆ ಬೋಳಿಸಿಕೊಂಡು ಇಳಿಸೋರನ್ನ ನೋಡಿದೀನಿ, ಹೊಡೆಸಿಕೊಳ್ಳೋದಕ್ಕೆ ಅಂತ ಸುಳ್ಳು ತೂಕ ಏರಿಸಿಕೊಂಡು ಬರೋ ಹುಚ್ಚನ್ನ ಎಲ್ಲೂ ಕಾಣೆ, ನಿನಗೆ ಹೆದರಿಕೆ ಕಣೋ, ಹೋಗಿ ಒಂದು ಕಾಫಿ ಕುಡಿ. ಕೋಟು ಹಾಕಿಕೊಂಡರು. ಟೋಪಿ ತೆಗೆದುಕೊಂಡರು. ಬಾಗಿಲ ಹಿಡಿಗೆ ಕೈ ಹೋಯಿತು, ಹೋಗಲಿ, ಹೇಳಿದೆನಲ್ಲ, ಹೇಳಿದ್ದಾಯಿತಲ್ಲ, ಇನ್ನು ನನ್ನ ಮೇಲೇನಿದೆ — ಎಂಟು, ಅಂದ ಲಿಬೆರಾತೊ ಮೂಲೆಯಿಂದ, ಬೆರಳು ಗಾಳಿಯಲ್ಲಿ, ಮತ್ತು ಅನಿಯೆಲ್ಲೊನ ಕೈ ತಾನಾಗಿ ಜೇಬಿನಿಂದ ಹೊರಬಂತು. ಅಮೃತಶಿಲೆಯ ಮೇಲೆ ಸೀಸ ಸುರಿಯಿತು, ಹಸಿರು ಬಾಟಲಿ ಉರುಳಿ ಕೆಳಗೆ ಬಿದ್ದು ಒಡೆಯಿತು, ಅಂಗಡಿಯ ತುಂಬ ನಿಂಬೆ ವಾಸನೆ, ಬಿಲ್ಲೆಗಳ ಅಂಚಿಗೆ ಇನ್ನೂ ಕಪ್ಪು ನೂಲಿನ ಚೂರುಗಳು. ಯಾರೂ ನಗಲಿಲ್ಲ. ಡಾಕ್ಟರು ವಾಪಸು ಬಂದರು, ಒಂದನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿದರು, ಮತ್ತೆ ಅಲ್ಲೇ ಇಟ್ಟು, ಎಲ್ಲಿದ್ದಾನೆ ಅವನು, ಅಂದರು ಮೆಲ್ಲಗೆ, ಸಬಾತೊನ ಕತ್ತಿ ಕೈಯಲ್ಲೇ ನಿಂತಿದೆ, ನುಂಜಿಯೊ ಇನ್ನು ಮುಖ ನೋಡುವುದಿಲ್ಲ, ಸಾಯೋತನಕ, ಇರಲಿ, ಅಷ್ಟು ದಿನ ಬದುಕಿರಲಿ ಅವನು, ಮೂಲೆಯಿಂದ ಲಿಬೆರಾತೊ ಎದ್ದು ಬರುತ್ತಿದ್ದಾನೆ, ತಲೆ ಒಂದು ಕಡೆ ವಾಲಿಸಿಕೊಂಡು, ಹಲಗೆಯ ಮುಂದೆ ನಿಂತ, ಒಂದೊಂದೇ ಬಿಲ್ಲೆಯನ್ನು ಮುಟ್ಟುತ್ತ, ಒಂದು, ಎರಡು, ಮೂರು, ಅಸ್ಸುಂತಾ ಮುತ್ತಿಟ್ಟ ಬಿಲ್ಲೆ ಯಾವುದೋ, ನಾಲ್ಕು, ಐದು, ಆರು, ಇನ್ನೂ ಇವೆ, ಇನ್ನೂ ಎಷ್ಟೋ ಇವೆ, ಏಳು, ಎಂಟು, ಬೆರಳು ಗಾಳಿಯಲ್ಲಿ, ನಡುಗುತ್ತ, ಒಂಬತ್ತನೆಯದರ ಮೇಲೆ, ಇಳಿಯದೆ —