ಪಾರಿವಾಳ ಕಾಲಿಟ್ಟ ಸೂರು

ನಿಜ, ಒಂದೊಂದು ಮಾತೂ ನಿಜ, ಬೇಕಾದ್ರೆ ನಾಲಿಗೆ ಮೇಲೆ ಕೆಂಡ ಇಡಿ, ಅಂತ ತನಗೆ ತಾನೇ ಆಣೆ ಹಾಕ್ಕೊಂಡು ಇವನು ಅಂಗಳದಲ್ಲಿ ಕತ್ತು ಮೇಲೆತ್ತಿ ನಿಂತಿದ್ದ — ಪಾರಿವಾಳ ಸೂರಿನ ಮೇಲೆ ಕಾಲಿಟ್ಟಿತು, ಕಾಲು ಒಳಕ್ಕೆ ಹೋಯ್ತು, ಇಷ್ಟೇ, ಕೆಂಪು ಕಾಲು, ಹಸಿ ಮಣ್ಣಿಗೆ ಕಡ್ಡಿ ಚುಚ್ಚಿದ ಹಾಗೆ ಸಿಮೆಂಟಿಗೆ ಇಳೀತು, ಪಾರಿವಾಳಕ್ಕೂ ಗಾಬರಿ, ಅದು ಇವನ ಮುಖ ನೋಡ್ತು, ಇವನು ಅದರ ಮುಖ ನೋಡಿದ, ಆಮೇಲೆ ಅದು ಹಾರಿತು, ಬಿಲ್ಲೆ ಮುರೀತು, ಅದರ ಪಕ್ಕದ್ದೂ ಜಾರಿತು, ಒಳಗೆ ಧಡ್ ಅಂತು. ಹೆಂಚಲ್ಲ, ಶೀಟಲ್ಲ, ಮೀನಿನ ಹುರುಪೆ ಥರ ಒಂದರ ಮೇಲೊಂದು ಕೂರೋ ಫೈಬರ್ ಸಿಮೆಂಟ್ ಬಿಲ್ಲೆ, ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ ಅಂದಿದ್ರು ಕಂಪನಿಯವರು, ಈಗ ಕೈಯಲ್ಲಿರೋ ಚೂರನ್ನ ಉಗುರಲ್ಲಿ ಕೆರೆದ್ರೆ ನೆನೆದ ರಟ್ಟಿನ ಹಾಗೆ ಪದರ ಪದರ ಬಿಚ್ಕೊಳ್ತಿದೆ, ಇದರ ಕೆಳಗೆ ಮಲಗಿದ್ವಾ ಇಷ್ಟು ದಿನ, ಇದರ ಕೆಳಗೆ ಗೊರಕೆ ಹೊಡೆದ್ವಾ — ಮುರಿದ ಬಿಲ್ಲೆ ಬಿದ್ದದ್ದು ಹೊಲಿಗೆ ಕೋಣೆಯ ಸ್ಟೂಲಿನ ಮೇಲೆ, ಹೆಂಡತಿ ಕೂರೋ ಸ್ಟೂಲು, ಅವಳು ಆಗಷ್ಟೇ ನಲ್ಲಿ ನಿಲ್ಲಿಸೋಕೆ ಎದ್ದಿದ್ಲು, ವಾಪಸ್ ಬಂದು ಸ್ಟೂಲಿನ ಕಾಲು ಎರಡು ಕಡೆ ಚಾಚಿರೋದು ನೋಡಿ, ಏನ್ರೀ ಬೀಳಿಸಿದ್ರಿ ಅಂದ್ಲು, ಪಾರಿವಾಳ ಕಣೆ, ಓಹೋ, ಮೊನ್ನೆ ಗಡಿಯಾರ ನೋಡಿ ಬೊಗಳೋ ನಾಯಿ ಕಥೆ, ಇವತ್ತು ಸಿಮೆಂಟ್ ಮುರಿಯೋ ಪಾರಿವಾಳ, ಆಯ್ತು, ಒಂದು ಕುರ್ಚಿ ತಂದ್ಕೊಡಿ, ಸ್ಕೂಲಿನವರು ಯೂನಿಫಾರ್ಮ್ ಕೇಳ್ತಿದ್ದಾರೆ. ಅದೇ ಜಾಗದಲ್ಲೇ ಕೂತ್ಲು, ಕಿಟಕಿ ಬೆಳಕು ಅಲ್ಲೇ ಬೀಳೋದಂತೆ, ಮೇಲೆ ನೋಡೇ ಅಂದ್ರೆ, ನೋಡಿದ್ರೆ ಸೂಜಿ ಕೈಗೆ ಹೋಗತ್ತೆ ಅಂದ್ಲು, ಟಕಟಕ ಟಕಟಕ, ಈಗಲೂ ಕೇಳ್ತಿದೆ ಮಿಷನ್ನು, ಅವಳ ನೆತ್ತಿಗೂ ಆಕಾಶಕ್ಕೂ ನಡುವೆ ನೆನೆದ ರಟ್ಟು.

ಫೋನ್ ಮಾಡಿದ್ದಕ್ಕೆ ಬಿಲ್ಲೆ ಕಂಪನಿಯವನು ಬಂದ, ಬೈಕ್ ನಿಲ್ಲಿಸಿದ, ಹೆಲ್ಮೆಟ್ ಕೂಡ ತೆಗೀಲಿಲ್ಲ, ಅದು ಬುದ್ಧಿವಂತಿಕೆ, ಈ ಸೂರಿನ ಕೆಳಗೆ ಎಲ್ಲರೂ ಹಾಗೇ ಓಡಾಡ್ಬೇಕು, ಮೇಲೆ ಹತ್ತಿದ್ರಾ ಅಂದ, ಇಲ್ಲಪ್ಪ, ತುಳಿದ್ರೆ ಗ್ಯಾರಂಟಿ ಇಲ್ಲ ಸಾರ್, ತುಳಿದದ್ದು ನಾನಲ್ಲ, ಪಾರಿವಾಳ — ಅವನ ಮುಖ ಅರಳ್ತು, ಅಯ್ಯೋ ನೀವೇ ಅಲ್ವಾ ಆಲಿಕಲ್ಲು ಸಾರ್, ಅಂದ. ಆಲಿಕಲ್ಲು. ಸೂರು ಹೊದಿಸಿದ ಹೊಸದರಲ್ಲಿ ಬಿಲ್ಲೆ ಮಾರೋನ ಹತ್ರ ರೈಲು ಬಿಟ್ಟಿದ್ದು, ತೆಂಗಿನಕಾಯಿ ಗಾತ್ರದ ಆಲಿಕಲ್ಲು ಸ್ವಾಮಿ, ನಮ್ಮನೆ ಸೂರಿಗೆ ಒಂದು ಗೀರೂ ಇಲ್ಲ, ಆಲಿಕಲ್ಲೇ ಪುಡಿಯಾಗಿ ರವೆ ಥರ ಉದುರ್ತು, ಬೀದಿಯವರೆಲ್ಲ ರೈಲು ಮಾಮ ಅಂತ ಸುಮ್ನೆ ಕರೀತಾರಾ, ನಂಬೋಕಲ್ಲ ಹೇಳಿದ್ದು, ನಗೋಕೆ, ಅದನ್ನ ಯಾವ ಪುಣ್ಯಾತ್ಮ ನಂಬ್ತಾನೆ — ನಿಮ್ಮ ಕಥೆ ಹೇಳದೆ ನಾವು ಒಂದು ಮನೆಗೂ ಮಾರಿಲ್ಲ ಸಾರ್, ಅಂತಿದ್ದಾನೆ ಕಂಪನಿಯವನು, ನಮ್ಮಮ್ಮನ ಮನೆಗೂ ಅದನ್ನೇ ಹಾಕಿಸ್ದೆ, ತೆಂಗಿನಕಾಯಿ ತಡೆದದ್ದು ಪಾರಿವಾಳ ತಡೆಯಲ್ವಾ, ಸುಮ್ನೆ ತಮಾಷೆ ಮಾಡ್ಬೇಡಿ, ಹತ್ತಿದ್ದೀರಿ, ಕಾಲು ಜಾರಿದೆ, ಆಗತ್ತೆ ಬಿಡಿ. ನಮ್ಮಮ್ಮನ ಮನೆ, ಅಂದ್ನಲ್ಲ, ಆ ತಾಯಿ ಈಗ ಎಲ್ಲಿ ಕೂತಿದ್ದಾಳೋ, ಯಾವ ಬಿಲ್ಲೆ ಕೆಳಗೆ, ಕನ್ನಡಕ ಹಾಕ್ಕೊಂಡು ಏನಾದ್ರೂ ಆರಿಸ್ತಾ, ಎಷ್ಟು ಮನೆ, ಎಷ್ಟು ನೆತ್ತಿ, ಈಗ ಹೇಳಿಬಿಡ್ಬೇಕು, ಆಲಿಕಲ್ಲು ಸುಳ್ಳು ಅಂದ್ರೆ ಪಾರಿವಾಳನ ಯಾರು ನಿಜ ಅಂತಾರೆ, ಆದ್ರೂ ಹೇಳ್ಬೇಕು, ಅಪ್ಪಾ, ಕೇಳು, ಆಲಿಕಲ್ಲು ಬಿದ್ದೇ ಇಲ್ಲ, ಆವತ್ತು ಒಂದು ಮೋಡ ಕೂಡ ಇರ್ಲಿಲ್ಲ, ಮೊದಲು ನಿಮ್ಮಮ್ಮನ್ನ ಆ ಮನೆಯಿಂದ —

ಅವನು ಕೇಳೋಕೆ ನಿಲ್ಲಲಿಲ್ಲ, ಬೈಕಿನ ಸದ್ದು ತಿರುವಲ್ಲಿ ಕರಗಿತು, ಬಾಯಲ್ಲಿ ಅರ್ಧ ಮಾತು ಹಾಗೇ ಉಳೀತು, ಪಟಪಟ ಅಂತ ರೆಕ್ಕೆ, ಬಂತು, ಅದೇ ಪಾರಿವಾಳವೋ ಅದರ ತಮ್ಮನೋ, ಸರಿಯಾಗಿ ಹೊಲಿಗೆ ಕೋಣೆ ಮೇಲೆ, ಕತ್ತು ಕೊಂಕಿಸಿ ಇವನನ್ನೇ ನೋಡ್ತಿದೆ, ಏ, ಆಚೆ ಬಾರೆ, ಯಾಕ್ರೀ, ಬಾ ಅಂದ್ರೆ ಬಾ, ಪಾರಿವಾಳನಾ, ಅಂತ ಒಳಗಿಂದ ನಗು, ಟಕಟಕ, ಇಲ್ಲ ಅನ್ಬೇಕು, ನಿಮ್ಮಣ್ಣ ಬಂದಿದ್ದಾನೆ ಅನ್ಬೇಕು, ಹಾಲು ಉಕ್ತಿದೆ ಅನ್ಬೇಕು, ಏನಾದ್ರೂ ಅನ್ಬೇಕು, ಒಂದು ಸುಳ್ಳು, ಹುಟ್ಟಿದಾಗಿಂದ ಬಾಯಿಗೆ ಬಂದದ್ದೆಲ್ಲ ಸುಳ್ಳೇ, ಈಗ ಒಂದೇ ಒಂದು ಬೇಕು, ಬರ್ತಿಲ್ಲ, ನಾಲಿಗೆ ಮೇಲೆ ಬರೀ ನಿಜ ಕೂತಿದೆ, ಟಕಟಕ, ಕಾಲು ಎತ್ತಿತು, ಪಕ್ಕದ ಬಿಲ್ಲೆ ಕಡೆ, ಕೆಂಪು ಕಾಲು, ಇನ್ನೂ ಇಟ್ಟಿಲ್ಲ, ಕೆಂಪು ಕಾಲು